ಎರಡು ಬೆರಳು ಒಳಗೆ

ಇವತ್ತು ಬೆಳಿಗ್ಗೆ ಮಡಕಶಿರದ ನಮ್ಮ ಮನೆಗೆ ಮಿಷಿನ್ ರಿಪೇರಿಯವನು ಬಂದಿದ್ದ. ವರ್ಷಗಳಿಂದ ಮುಟ್ಟದ ಹೊಲಿಗೆ ಮಿಷಿನ್ನಿಗೆ ನಾಲ್ಕು ತೊಟ್ಟು ಎಣ್ಣೆ ಬಿಟ್ಟು ಅವನು ಚಕ್ರ ತಿರುಗಿಸಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಕೈಲಿದ್ದ ಕೆಲಸ ಬಿಟ್ಟು ಹೊಸ್ತಿಲ ಮೇಲೆ ಕೂತುಬಿಟ್ಟೆ. ರಾಯದುರ್ಗದಲ್ಲಿ ನಮ್ಮ ಓಣಿಯ ಟೇಲರಕ್ಕನ ಸೆರಗಿಗೆ ಯಾವಾಗಲೂ ಇದೇ ವಾಸನೆ...

ಓಣಿಯ ತುದಿಯಲ್ಲಿ, ಹಳ್ಳಕ್ಕೆ ಹಾಸಿದ ಕಲ್ಲುಚಪ್ಪಡಿ ದಾಟಿದರೆ ಅವಳ ಅಂಗಡಿ. ಕೈ ಬಂಗಾರದಂಥದು, ಮಾತು ಮಾತ್ರ ನಂಬುವ ಹಾಗಿರಲಿಲ್ಲ. ಯಾರು ಹೋಗಿ ಕೇಳಿದರೂ, "ನಾಳಿ ಬರ್ರಿ, ಹುಕ್ಕು ಒಂದು ಹಾಕೋದೈತಿ" ಅನ್ನುವಳು. ಆ ಒಂದು ಹುಕ್ಕು ವಾರವಾದರೂ ಬೀಳುತ್ತಿರಲಿಲ್ಲ. ಬೈಯುತ್ತಲೇ ಎಲ್ಲರೂ ಮತ್ತೆ ಅವಳ ಹತ್ತಿರವೇ ಹೋಗುತ್ತಿದ್ದರು.

ನನಗಾಗ ಹದಿನಾರು. ಮಾವನ ಮದುವೆಗೆ ಮೊದಲ ಸಲ ಸೀರೆ ಉಡುವವಳಿದ್ದೆ. ಅಳತೆಗೆ ಕೊಡಲು ನನ್ನದೊಂದು ರವಿಕೆ ಇರಲಿಲ್ಲ. ಅಮ್ಮ ತನ್ನದೇ ಹಳೆಯ ಹಸಿರು ರವಿಕೆ ಕೊಟ್ಟು, "ಇದಕ್ಕಿಂತ ಎರಡು ಬೆರಳು ಒಳಗ ಹಿಡೀರಿ, ಇನ್ನಾ ಸಣ್ಣಾಕಿ" ಅಂದಿದ್ದಳು.

ಅದೇ ವಾರ ಟೀವಿಯಲ್ಲಿ ತುಫಾನಿನ ಸುದ್ದಿ. ಸಮುದ್ರ ಎಲ್ಲಿ, ನಾವೆಲ್ಲಿ! ಮೋಡ ಕಂಡರೆ ಕೈಮುಗಿಯುವ ಊರು ನಮ್ಮದು. ಮೊದಲ ದಿನ ಮಳೆ ಬಂತೆಂಬ ಖುಷಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾಡಿಕೊಂಡು ತಿಂದೆವು. ಮೂರನೆಯ ದಿನವೂ ಅದು ನಿಲ್ಲಲಿಲ್ಲ. ನನಗೆ ಮಳೆಯ ಚಿಂತೆಯಿರಲಿಲ್ಲ, ರವಿಕೆಯ ಚಿಂತೆ. ಮದುವೆಗೆ ಎರಡೇ ದಿನ ಉಳಿದಿತ್ತು. ರವಿಕೆ ಇವತ್ತು ಬರದಿದ್ದರೆ ಮದುವೆಗೇ ಬರುವುದಿಲ್ಲ ಎಂದು ಅನ್ನ ಬಿಟ್ಟು ಕೂತೆ. ಸಂಜೆ ಅಮ್ಮ ಗೊಬ್ಬರದ ಚೀಲ ತಲೆಗೆ ಕವುಚಿಕೊಂಡು ಹೊರಟಳು. ಅಜ್ಜಿ ಹಿತ್ತಲಲ್ಲಿದ್ದಳು, ನೋಡಲಿಲ್ಲ.

ಸ್ವಲ್ಪ ಹೊತ್ತಿಗೇ ಮೇಲಿನ ಕೆರೆಯ ಏರಿ ಒಡೆಯಿತು. ನಾವು ಪಕ್ಕದ ಮನೆಯ ಮಾಳಿಗೆ ಹತ್ತಿದೆವು. ಮರುದಿನ ಅಮ್ಮ ಹಳ್ಳದ ಕೆಳಗಿನ ಜಾಲಿಕಂಟಿಗಳಲ್ಲಿ ಸಿಕ್ಕಳು...

ಓಣಿಯ ಅರ್ಧ ಗೋಡೆಗಳು ಕುಸಿದಿದ್ದವು. ಜೀನ್ಸ್ ಹೊಲಿಯುವ ಮನೆಗಳಲ್ಲಿ ಕತ್ತರಿಸಿಟ್ಟ ಬಟ್ಟೆಯೆಲ್ಲ ಕೆಸರು, ಮಿಷಿನ್ನುಗಳ ತುಂಬ ಮಣ್ಣು. ನಮ್ಮ ಮನೆಯಲ್ಲಿ ಅಮ್ಮನ ಒಂದು ಸೀರೆಯೂ, ಒಂದು ಫೋಟೋವೂ ಉಳಿಯಲಿಲ್ಲ. ನಮ್ಮನ್ನೆಲ್ಲ ಸ್ಕೂಲಿನಲ್ಲಿ ಇಳಿಸಿದರು. ಅನ್ನಕ್ಕೊಂದು ಸಾಲು, ಆಧಾರ್ ಕಳೆದುಕೊಂಡವರಿಗೆ ಇನ್ನೊಂದು ಸಾಲು. ಬಂದವರೆಲ್ಲ ಅದನ್ನೇ ಕೇಳಿ, ಅದನ್ನೇ ಬರೆದುಕೊಂಡು ಹೋದರು. ಅಳುವುದಕ್ಕೂ ಸಾಕಾಗಿತ್ತು.

ಅಲ್ಲಿ ಅಜ್ಜಿ ಎದೆ ಬಡಿದುಕೊಂಡು ಕೇಳಿದಳು: "ಇಂಥಾ ಮಳಿಯಾಗ ಆಕಿ ಯಾಕ ಹೊರಗ ಹೋದ್ಲು?"

ನಾನು ಗೋಡೆಗೆ ಒರಗಿ ಕೂತಿದ್ದೆ. ಅಲ್ಲೇ ಇದ್ದ ಟೇಲರಕ್ಕ ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ತಲೆ ತಗ್ಗಿಸಿ, "ನಾನೇ ಹೇಳಿ ಕಳಿಸಿದ್ದೆನ್ರಿ, ರವಿಕಿ ಆಗೈತಿ, ಒಯ್ಯಿರಿ ಅಂತ" ಅಂದಳು.

ಅವಳು ಹೇಳಿ ಕಳಿಸಿರಲೇ ಇಲ್ಲ. ಅಜ್ಜಿ, "ನಿನ್ನ ಕೈ ಸೇದಿಹೋಗ್ಲಿ" ಎಂದು ಶಾಪ ಹಾಕಿದಳು. ನಾನು ಗೋಡೆಯ ಕಡೆ ಮುಖ ತಿರುಗಿಸಿಕೊಂಡೆ.

ಆಮೇಲೆ ಓಣಿಯ ಹೆಂಗಸರು ಅವಳಿಗೆ ರವಿಕೆ ಕೊಡುವುದನ್ನೇ ಬಿಟ್ಟರು. ಅಂಥ ಕೈ ಜೀನ್ಸ್ ಪ್ಯಾಂಟುಗಳಿಗೆ ಜೇಬು ಹಚ್ಚುತ್ತಾ ಕೂತಿತು. ಎದುರು ಸಿಕ್ಕರೆ, "ಉಂಡೇನವ್ವಾ?" ಅಂತಷ್ಟೇ ಕೇಳುವಳು. ನಿಜ ಹೇಳಲು ಎಷ್ಟೋ ಸಲ ಚಪ್ಪಡಿಯವರೆಗೆ ಹೋಗಿ ವಾಪಸ್ ಬಂದಿದ್ದೇನೆ. ನಾಳೆ ಹೇಳಿದರಾಯಿತು ಅನ್ನಿಸುತ್ತಿತ್ತು. ಅವಳ "ನಾಳೆ"ಯನ್ನು ಊರೆಲ್ಲ ಬೈದಿತು, ನನ್ನದನ್ನು ಯಾರೂ ಕೇಳಲಿಲ್ಲ. ಹೀಗೇ ನನ್ನ ಮದುವೆಯಾಯಿತು, ಈ ಊರಿಗೆ ಬಂದೆ.

ಹೋದ ತಿಂಗಳು ಅವಳು ತೀರಿಕೊಂಡ ಸುದ್ದಿ ಬಂತು. ಮೊದಲ ಬಸ್ಸಿಗೇ ಹೊರಟರೂ ನಾನು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅವಳ ಸೊಸೆಯ ಮುಂದೆ ಕೂತು, ನನ್ನ ಹಟಕ್ಕೆ ಅಮ್ಮ ಹೋಗಿದ್ದು ಎಂದು ಅಂತೂ ಬಾಯಿಬಿಟ್ಟೆ.

"ಗೊತ್ತೈತ್ರಿ" ಅಂದಳು ಸೊಸೆ. "ಮಗಳು ಹಟ ಮಾಡ್ಯಾಳ ಅಂತ ನಿಮ್ಮವ್ವನೇ ಅವತ್ತು ಅಂಗಡ್ಯಾಗ ಹೇಳಿದ್ರಂತ. ನಮ್ಮತ್ತಿ ಅಂತಿದ್ರು, 'ನಾಳಿ ಬರ್ರಿ ಅಂತ ಆಕಿನ್ನ ವಾಪಸ್ ಕಳಿಸಿದಾಕಿ ನಾನೇ, ತಾಯಿ ಕಳಕೊಂಡ ಹುಡುಗಿ ಮ್ಯಾಲ ಇದನ್ನೂ ಯಾಕ ಹೊರಸ್ಲಿ' ಅಂತ."

ಒಳಗಿಂದ ಒಂದು ಗಂಟು ತಂದು ಕೊಟ್ಟಳು. ಗೋಡೆಯ ಮೇಲಿನ ಗೂಟದಲ್ಲಿದ್ದು ನೀರಿಗೆ ಸಿಗದೆ ಉಳಿದಿತ್ತಂತೆ, ಅಮ್ಮನ ಹಸಿರು ರವಿಕೆ. "ಕೊಡಾಕ ಎರಡು ಸಲ ನಿಮ್ಮ ಬಾಗಿಲ ತನಕ ಹೋಗಿದ್ರಂತ. ನಿಮ್ಮ ಮಾರಿ ನೋಡಾಕ ಆಗ್ಲಿಲ್ಲ ಅಂತ ವಾಪಸ್ ಬಂದ್ರಂತ."

ಆ ರವಿಕೆಯ ಅಳತೆಗೆ ಒಂದು ಹೊಲಿದುಕೊಳ್ಳೋಣ ಎಂದೇ ಇವತ್ತು ಮಿಷಿನ್ ರಿಪೇರಿ ಮಾಡಿಸಿದ್ದು. ರಿಪೇರಿಯವನು ಹೋದ ಮೇಲೆ ಬಾಗಿಲು ಮುಂದೆ ಮಾಡಿ ಅದನ್ನು ತೊಟ್ಟು ನೋಡಿದೆ. ಸರಿಯಾಗಿ ಕೂತಿತು. ಈಗ ಎರಡು ಬೆರಳು ಒಳಗೆ ಹಿಡಿಯಬೇಕಾಗಿಲ್ಲ ಅಕ್ಕಾ, ಅಂತ ಹೇಳಬೇಕಿತ್ತು... ಹೇಳೋಣವೆಂದರೆ ಅವಳಿಲ್ಲ.