ತೊಟ್ಟಿಲ ಕೊಂಡಿಗೆ ಕಟ್ಟಿದ ಸೀರೆ

೧೯೬೨ನೇ ಇಸವಿ ಆಗಸ್ಟ್ ೧೨, ಭಾನುವಾರ. ಮಧ್ಯಾಹ್ನ ಎರಡೂ ಹತ್ತಕ್ಕೆ ಈ ಪತ್ರಿಕೆಗೆ ಬರೆಯಲು ಕೂತೆ.

ದೊಡ್ಡವ್ವನ ಬಲಗೈ ಮಣಿಕಟ್ಟಿನ ಸುತ್ತ ಬಳೆಯಷ್ಟು ಅಗಲದ ಒಂದು ಕಂದು ಪಟ್ಟಿ ಇತ್ತು. ದೊಡ್ಡಪ್ಪ ತೀರಿಕೊಂಡ ಮೇಲೆ ಅವಳು ಬಳೆ ತೊಟ್ಟವಳಲ್ಲ. ಆ ಪಟ್ಟಿ ಮೂಡಿದ್ದು ಒಂದು ಹಳೆಯ ನೂಲಿನ ಸೀರೆಯಿಂದ. ಸೀರೆಯನ್ನು ಹುರಿ ಮಾಡಿ, ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಕೊಂಡು, ಮೂರು ವರ್ಷ ಅದನ್ನು ಹಿಡಿದೇ ಅವಳು ಎದ್ದು ಕೂರುತ್ತಿದ್ದಳು. ಮೊದಮೊದಲು ಅಲ್ಲಿ ಚರ್ಮ ಸುಲಿಯುತ್ತಿತ್ತು, ಆಮೇಲೆ ದಡ್ಡುಗಟ್ಟಿತು. ಕಳೆದ ತಿಂಗಳು ಅವಳ ಕೊನೆಯ ಸ್ನಾನಕ್ಕೆ ಆ ಕೈ ತೊಳೆದವಳು ನಾನು.

ದೊಡ್ಡವ್ವ ನಮ್ಮ ತಂದೆಯ ಅಣ್ಣನ ಹೆಂಡತಿ. ಅವಳಿಗೆ ಮಕ್ಕಳಿರಲಿಲ್ಲ. ನಾನು ಮೂರು ವರ್ಷದವಳಿದ್ದಾಗ ಅಮ್ಮ ತೀರಿಹೋದಳು; ಅಂದಿನಿಂದ ನನ್ನನ್ನು ಸಾಕಿದವಳು ದೊಡ್ಡವ್ವ. ಮೈಸೂರಿನ ಕನ್ನೇಗೌಡನ ಕೊಪ್ಪಲಿನ ನಮ್ಮ ಹೆಂಚಿನ ಮನೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಒಳಗಿನ ಕೋಣೆ ಅವಳದು. ಅದರ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ ಇದೆ. ಇರುವ ಒಂದು ಕಿಟಕಿ ತೆರೆದರೆ ಎದುರಿಗೆ ಪಕ್ಕದ ಮನೆಯ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆ ಗೋಡೆಯ ಬಿರುಕುಗಳು ನನಗೆ ಈಗಲೂ ಬಾಯಿಪಾಠ.

ಐವತ್ತೊಂಬತ್ತನೇ ಇಸವಿಯ ಶಿವರಾತ್ರಿಯ ಬೆಳಿಗ್ಗೆ ದೊಡ್ಡವ್ವ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ದೊಡ್ಡಾಸ್ಪತ್ರೆಯ ಡಾಕ್ಟರು ಬಹಳ ಹೊತ್ತು ನೋಡಿ, ಈ ವಯಸ್ಸಿಗೆ ಅದು ಕೂಡಿಕೊಳ್ಳುವ ಮೂಳೆಯಲ್ಲ, ಇನ್ನು ಮಂಚವೇ ಗತಿ ಎಂದರು. ಅವಳನ್ನು ಜಟಕಾದಲ್ಲಿ ಮಲಗಿಸಿಕೊಂಡು ಮನೆಗೆ ತಂದೆವು. ದಾರಿಯಲ್ಲಿ ಅವಳು ಒಂದು ಸಲವೂ ನರಳಲಿಲ್ಲ. ಕುದುರೆಗೆ ನೀರು ಕುಡಿಸಿದ್ದೀಯಾ ಎಂದು ಜಟಕಾದವನನ್ನು ಮಾತ್ರ ಕೇಳಿದಳು.

ನಾನು ಹಾಗೂ ಹೀಗೂ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದೆ. ಫಸ್ಟ್ ಕ್ಲಾಸು ಬಂತು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅಂದು ಕೆಲಸದಿಂದ ಬರುವಾಗ ಮೈಸೂರುಪಾಕು ತಂದರು. ಎಲ್ಲರೂ ತಿಂದ ಮೇಲೆ, ಕೈ ಒರೆಸಿಕೊಳ್ಳುತ್ತಾ, ನನ್ನ ಮುಖ ನೋಡದೆ ಹೇಳಿದರು: “ಈ ವರ್ಷ ಕಾಲೇಜು ಬ್ಯಾಡ ಮಗ. ಅತ್ಗೆನ ಯಾರು ನೋಡ್ಕತಾರೆ?”

ಅಪ್ಪ ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಐದೂವರೆಗೆ ಬರುವವರು. ಮನೆಯಲ್ಲಿ ಉಳಿದವಳು ನಾನೊಬ್ಬಳೇ. ಆದರೆ “ಈ ವರ್ಷ” ಎಂದರೆ ಏನೆಂದು ನಮ್ಮ ಬಂಧುಬಳಗದ ಹುಡುಗಿಯರಿಗೆಲ್ಲ ಗೊತ್ತು. ಓದು ಬಿಟ್ಟು ಒಂದು ವರ್ಷ ಮನೆಯಲ್ಲಿ ಕೂತವಳು ಮರುವರ್ಷ ಹಸೆಮಣೆಯ ಮೇಲೆ ಕೂರುತ್ತಾಳೆ. ಶ್ರೀರಂಗಪಟ್ಟಣದ ಕಡೆಯ ಒಂದು ಮನೆಯಿಂದ ಆಗಲೇ ಎರಡು ಸಲ ಹೇಳಿಕಳಿಸಿದ್ದರು.

ಆ ಮೇ ತಿಂಗಳು ಇಡೀ ನಾನು ಆ ಕೋಣೆಯಲ್ಲಿ ಕಳೆದೆ. ಹೆಂಚಿನ ಬಿಸಿ, ಫಿನಾಯಿಲಿನ ವಾಸನೆ, ಎಣ್ಣೆ ಹಚ್ಚಿ ಹಚ್ಚಿ ಜಿಡ್ಡಾದ ದಿಂಬು. ಬೆನ್ನು ಹುಣ್ಣಾಗದಂತೆ ಅವಳನ್ನು ಆಗಾಗ ಮಗ್ಗುಲು ಹೊರಳಿಸಬೇಕಿತ್ತು. ಅವಳು ಕರೆದಾಗಲೆಲ್ಲ ನನ್ನ ಡೈರಿಯಲ್ಲಿ ಒಂದು ಗೀಟು ಹಾಕುತ್ತಿದ್ದೆ. ಅಂಗಳ ಗುಡಿಸುತ್ತಿರಲಿ, ನೀರು ಸೇದುತ್ತಿರಲಿ, ಕರೆದರೆ ಓಡಿಬಂದು ಕೆಲಸ ಮುಗಿಸಿ ಗೀಟು ಹಾಕುವುದು. ಒಂದೊಂದು ದಿನ ಪುಟದ ಅರ್ಧ ಬರೀ ಗೀಟು.

ಅವಳಿಗೆ ಓದು ಬಾರದು. ಆದರೂ ಒಂದು ದಿನ, ಅದೇನು ಬೇಲಿ ಕಟ್ಟುತ್ತಿದ್ದೀಯಾ ಎಂದು ಕೇಳಿದಳು. ಹೇಳಿದೆ. ತೊಲೆಯನ್ನೇ ನೋಡುತ್ತಾ ಅಂದಳು: “ನಿನ್ನ ನನ್ನ ಮಂಚಕ್ಕೆ ಕಟ್ಟಾಕವ್ರೆ ಕಣವ್ವ. ನಿಮ್ಮಪ್ಪ ಒಳ್ಳೇನು, ಆದ್ರೆ ಅವ್ನು ಬಿಚ್ಚಲ್ಲ. ನಾನೇ ಬಿಚ್ಚಬೇಕು.”

ಮರುದಿನ ಅಪ್ಪ ಹೊರಟ ಮೇಲೆ ಟ್ರಂಕಿನಿಂದ ತನ್ನ ಹಳೆಯ ಸೀರೆ ತೆಗೆಸಿದಳು. ಅದನ್ನು ಹುರಿ ಮಾಡಿಸಿದಳು. ಸ್ಟೂಲು ಹತ್ತಿ ಅದನ್ನು ತೊಟ್ಟಿಲ ಕೊಂಡಿಗೆ ಕಟ್ಟು ಎಂದಳು. ಕಟ್ಟಿದೆ. ಅವಳು ಎಳೆದಳು. ಗಂಟು ಜಾರಿ ಸೀರೆ ಅವಳ ಮುಖದ ಮೇಲೆ ಬಿತ್ತು.

“ಇದ್ಯಾವ ಗಂಟು? ಪುಸ್ತಕದ ಗಂಟಾ?” ಎಂದು ಸೀರೆಯೊಳಗಿಂದಲೇ ಕೇಳಿದಳು.

ಬಿಗಿಯಾಗಿ ಎರಡು ಗಂಟು ಹಾಕುತ್ತೇನೆ ಎಂದೆ. ಅದೂ ಬೇಡವೆಂದಳು. ಅಪ್ಪ ಬರುವುದರೊಳಗೆ ಸೀರೆ ಕೆಳಗಿಳಿದು ದಿಂಬಿನಡಿ ಸೇರಬೇಕು. ಕಂಡರೆ, ಉಳಿದ ಮೂಳೆಯೂ ಮುರಿದೀತೆಂದು ಹೆದರಿ ತೆಗೆಸಿಬಿಡುತ್ತಾರೆ. ನಾನು ನೀರಿಗೆ ಹೋಗಿದ್ದಾಗ ಅವರು ಬಂದುಬಿಟ್ಟರೆ? ಅದಕ್ಕೆ ಮಲಗಿದಲ್ಲಿಂದ ಅವಳೊಬ್ಬಳೇ ಬಿಚ್ಚುವಂತಿರಬೇಕು. ನನ್ನ ಜಡೆಯ ಟೇಪು ಬಿಚ್ಚಿಸಿ, ಅದನ್ನು ಮಂಚದ ಸರಳಿಗೆ ಹಾಕಿ ತೋರಿಸಿದಳು. ಒಂದು ಕುಣಿಕೆಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಒಂದು ತುದಿ ಹಿಡಿದು ಜಗ್ಗಿದರೆ ಗಂಟು ಬಿಗಿಯುತ್ತದೆ. ಇನ್ನೊಂದು ತುದಿಯನ್ನು ಒಂದೇ ಸಲ ಎಳೆದರೆ ಎಲ್ಲವೂ ಬಿಚ್ಚಿ ಕೈಗೆ ಬರುತ್ತದೆ.

ಅದು ಅವಳ ತವರಿನಲ್ಲಿ ದನ ಕಟ್ಟುತ್ತಿದ್ದ ಗಂಟು. ಆ ಊರು ಈಗ ಇಲ್ಲ. ಕನ್ನಂಬಾಡಿ ಕಟ್ಟೆಗೆ ನೀರು ನಿಂತಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. “ನಮ್ಮೂರು ನೀರೊಳಗೆ ಬಾಗ್ಲಾಕ್ಕಂಡು ಕೂತದೆ” ಎನ್ನುತ್ತಿದ್ದಳು. ದನವನ್ನು ಹೀಗೇಕೆ ಕಟ್ಟಬೇಕೆಂದು ಕೇಳಿದೆ. “ಕೊಟ್ಟಿಗೆಗೆ ಬೆಂಕಿ ಬಿದ್ರೆ? ಕಟ್ಟಾಕೆ ಯಾರಿಗಾದ್ರೂ ಬತ್ತದೆ. ಬಿಚ್ಚಾಕೆ ಬರಂಗೆ ಕಟ್ಟಬೇಕು” ಎಂದಳು.

ಅಂದಿನಿಂದ ಶುರುವಾಯಿತು. ಬೆಳಿಗ್ಗೆ ನಾನು ಕಟ್ಟುವುದು, ಸಂಜೆ ಅವಳು ಬಿಚ್ಚುವುದು. ನಡುವೆ ನಡೆಯುತ್ತಿದ್ದುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಸೀರೆ ಹಿಡಿದು ತಲೆ ಎತ್ತುವಳು, ಭುಜ ಎತ್ತುವಳು, ನೋವು ಸೊಂಟಕ್ಕೆ ಇಳಿದ ಕೂಡಲೇ ಹಲ್ಲಿನಲ್ಲಿ ಸೆರಗು ಕಚ್ಚಿಕೊಳ್ಳುವಳು. ಹಣೆಯ ಬೆವರು ಕಿವಿಯೊಳಗೆ ಹರಿಯುತ್ತಿತ್ತು. ಬೇಡ ಬಿಡು ದೊಡ್ಡವ್ವ ಎಂದು ಅತ್ತರೆ, ಹೊರಗೆ ಹೋಗಿ ಅಳು, ಎಷ್ಟು ಸಲ ಎದ್ದೆನೆಂಬ ಲೆಕ್ಕ ತಪ್ಪುತ್ತದೆ ಎಂದು ಬೈಯುತ್ತಿದ್ದಳು. ಜೂನ್ ಹತ್ತಿರ ಬಂತು. ಕಾಲೇಜಿನ ಅರ್ಜಿ ತಂದು ತುಂಬಿಟ್ಟುಕೊಂಡಿದ್ದೆ. ಅಪ್ಪನ ಸಹಿ ಮಾತ್ರ ಬಾಕಿ.

ಅರ್ಜಿಗೆ ಕೊನೆಯ ದಿನ ಸೋಮವಾರ. ಹಿಂದಿನ ಭಾನುವಾರ ಬೆಳಿಗ್ಗೆ ಅಪ್ಪ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಒಳಗಿನಿಂದ ದೊಡ್ಡವ್ವ ಅವರನ್ನು ಕರೆದಳು. ಹೋಗಿ ನೋಡಿದರೆ, ಅವಳು ಮಂಚದ ಅಂಚಿನಲ್ಲಿ ಎರಡೂ ಕಾಲು ಕೆಳಗೆ ಬಿಟ್ಟು ಕೂತಿದ್ದಾಳೆ. ತಲೆ ಬಾಚಿಕೊಂಡಿದ್ದಾಳೆ. ತೊಡೆಯ ಮೇಲೆ ಮೊರ, ಮೊರದಲ್ಲಿ ಅಕ್ಕಿ, ಕಲ್ಲು ಆರಿಸುತ್ತಿದ್ದಾಳೆ. ಅವಳು ಕೂತದ್ದನ್ನು ಶಿವರಾತ್ರಿಯಿಂದೀಚೆಗೆ ಅಪ್ಪ ಕಂಡಿರಲಿಲ್ಲ. ಬಾಗಿಲಲ್ಲೇ ನಿಂತುಬಿಟ್ಟರು.

“ಎಂಗೆ ಕೂತ್ಕಂಡೆ ಅತ್ಗೆ?”

“ಎಲ್ರೂ ಕೂತ್ಕಳಂಗೆ. ಕುಂಡಿ ಮ್ಯಾಲೆ.”

ಅಪ್ಪನಿಗೆ ನಗು ಬರಲಿಲ್ಲ. ತೊಲೆಯಿಂದ ಇಳಿಬಿದ್ದಿದ್ದ ಸೀರೆ ನೋಡಿದರು, ಅವಳ ಮಣಿಕಟ್ಟು ನೋಡಿದರು. ಮಧ್ಯಾಹ್ನ ನೀರಿಗೇನು ಮಾಡುತ್ತೀ ಎಂದರು. ಮಂಚದ ಪಕ್ಕದ ಚೆಂಬು ತೋರಿಸಿದಳು. ಊಟ? ಹುಡುಗಿ ತಟ್ಟೆ ಮುಚ್ಚಿಟ್ಟು ಹೋಗುತ್ತಾಳೆ. ಬಿದ್ದರೆ? ಎದುರುಮನೆಯ ಹೂವಿನ ಅಂಗಡಿಯವರ ಹೆಂಡತಿಗೆ ಹೇಳಿಟ್ಟಾಗಿದೆ, ದಿನಾ ಒಂದು ಸಲ ಬಂದು ಇಣುಕುತ್ತಾರೆ. ಇನ್ನೂ ಏನೋ ಕೇಳಲು ಹೊರಟವರನ್ನು ತಡೆದಳು. “ಅವ್ಳ ಅರ್ಜಿಗೆ ಸೈನ್ ಹಾಕ್ಬುಡು. ನಂಗೆ ಬೆನ್ನು ನೋಯ್ತದೆ, ಮಲಿಕ್ಕಬೇಕು.”

ಅಪ್ಪ ಸಹಿ ಹಾಕಿದರು.

ನಾನು ಹೊರಗೆ ಬಂದೆ, ಅವಳು ಬರಲಿಲ್ಲ. ಇದನ್ನು ಮುಚ್ಚಿಟ್ಟು ಬರೆಯಲಾರೆ. ಕೂರುವುದನ್ನು ಕಲಿತ ದೊಡ್ಡವ್ವ ನಡೆಯುವುದನ್ನು ಕಲಿಯಲಿಲ್ಲ. ಅವಳ ಪಾಲಿಗೆ ಆ ಕೋಣೆ, ಆ ಕೊಂಡಿ, ಆ ಗೋಡೆ, ಅಷ್ಟೇ. ಅದಕ್ಕೇ ಸಂಜೆ ನಾನು ಕಾಲೇಜಿನಿಂದ ಬಂದ ಕೂಡಲೇ ಹೊರಗಿನದನ್ನೆಲ್ಲ ಕೇಳುತ್ತಿದ್ದಳು. ಎಲ್ಲ ಎಂದಿನಂತೆ ಇತ್ತು ಎಂದರೆ ಒಪ್ಪುತ್ತಿರಲಿಲ್ಲ. “ಎಷ್ಟಿತ್ತು ಅಂತ ಏಳು” ಎನ್ನುತ್ತಿದ್ದಳು. ಕೋರ್ಟಿನ ಮುಂದೆ ಎಷ್ಟು ಜಟಕಾ, ದೊಡ್ಡ ಗಡಿಯಾರದ ಹತ್ತಿರ ಎಷ್ಟು ಜನ ಮಲ್ಲಿಗೆಯವರು, ಯಾವ ಮರ ಯಾವ ತಾರೀಖಿಗೆ ಹೂ ಬಿಟ್ಟಿತು. ಹೇಳಲೆಂದೇ ದಾರಿಯುದ್ದಕ್ಕೂ ಎಣಿಸುತ್ತಿದ್ದೆ, ಮರೆಯದಿರಲೆಂದು ಬರೆದಿಡುತ್ತಿದ್ದೆ. ಹಿಂದೆ ಗೀಟು ಹಾಕುತ್ತಿದ್ದ ಡೈರಿಯಲ್ಲಿ ಈಗ ಊರು ತುಂಬಿಕೊಂಡಿತು. ನಾನು ಕಣ್ಣು ಮುಚ್ಚಿಕೊಂಡು ಹೋಗಿ ಬರುವ ಹುಡುಗಿಯಾಗದೆ ಇದ್ದರೆ ಅದು ಅವಳಿಂದ.

ಅಪ್ಪನಿಗೆ ಗೊತ್ತಾದ ಮೇಲೆ ಸೀರೆ ಬಿಚ್ಚಿಡುವ ಅಗತ್ಯವಿರಲಿಲ್ಲ. ಅದು ಹಗಲೂ ರಾತ್ರಿ ಕೊಂಡಿಯಲ್ಲೇ ಇರುತ್ತಿತ್ತು. ಸವೆದಾಗ ಬೇರೆ ಸೀರೆ ಕಟ್ಟುತ್ತಿದ್ದೆ, ಅದೇ ಗಂಟು.

ಜುಲೈ ಒಂಬತ್ತು, ಸೋಮವಾರ. ಬೆಳಿಗ್ಗೆ, ಛತ್ರಿ ಮರೆಯಬೇಡ ಎಂದಿದ್ದಳು. ಮಧ್ಯಾಹ್ನ ಇಣುಕಿದ ಎದುರುಮನೆಯವರಿಗೆ, ಊಟ ಆಯಿತು, ನಿದ್ದೆ ಬರುತ್ತಿದೆ ಎಂದಳಂತೆ. ಸಂಜೆ ನಾನು ಬಂದಾಗ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೈ ಮುಟ್ಟಿದೆ, ತಣ್ಣಗಿತ್ತು. ಆಮೇಲೆ ಮೇಲೆ ನೋಡಿದೆ. ಕೊಂಡಿ ಬರಿದಾಗಿತ್ತು. ಸೀರೆ ನಾಲ್ಕು ಮಡಿಕೆಯಾಗಿ ಅವಳ ದಿಂಬಿನ ಪಕ್ಕದಲ್ಲಿತ್ತು. ತುದಿ ಎಳೆದು ತಾನೇ ಬಿಚ್ಚಿದ್ದಾಳೆ. ಗೊತ್ತಾಗಿ ಬಿಚ್ಚಿದಳೋ, ಒಗೆಯಲೆಂದು ಬಿಚ್ಚಿದಳೋ, ಕೇಳಲು ಅವಳಿಲ್ಲ.

ಈಗಲೂ ದಾರಿಯಲ್ಲಿ ಎಣಿಸುತ್ತೇನೆ. ಮನೆಗೆ ಬಂದು ಆ ಕೋಣೆಯ ಬಾಗಿಲಲ್ಲಿ ನಿಲ್ಲುತ್ತೇನೆ, ಲೆಕ್ಕ ಬಾಯಲ್ಲೇ ಉಳಿಯುತ್ತದೆ.

ಆ ಗಂಟು ಹಾಕಲು ನನಗೆ ಬರುತ್ತದೆ. ಅದರ ಹೆಸರು ಮಾತ್ರ ಕೇಳಿಟ್ಟುಕೊಳ್ಳಲಿಲ್ಲ. ಅಪ್ಪನಿಗೂ ತಿಳಿಯದು. ಕಟ್ಟೆಯ ನೀರಿನಲ್ಲಿ ಮುಳುಗಿದ ಊರುಗಳಿಂದ ಎದ್ದು ಬಂದವರು ಮೈಸೂರಿನ ಸುತ್ತ ಇನ್ನೂ ಇದ್ದಾರೆ. ದನ ಕಟ್ಟುವ, ಒಂದೇ ಎಳೆತಕ್ಕೆ ಬಿಚ್ಚುವ ಆ ಗಂಟನ್ನು ನಿಮ್ಮ ಮನೆಯಲ್ಲಿ ಏನೆಂದು ಕರೆಯುತ್ತಿದ್ದಿರಿ? ಅದನ್ನು ಹಾಕುತ್ತಿದ್ದ, ಜೋರು ಬಾಯಿಯ ಒಬ್ಬ ಹುಡುಗಿಯ ನೆನಪು ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಬಂದ ತಾರೀಖು ಹಾಕಿ ಬರೆದಿಟ್ಟುಕೊಳ್ಳುತ್ತೇನೆ.