ಇನ್ನೊಂದೇ ತಿರುವು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕಾರು ಓಡಿಸುವುದೆಂದರೆ ನನಗೆ ಹುಚ್ಚು. ಆ ಹುಚ್ಚಿಗೆ ತಕ್ಕ ಕಾರು ನನ್ನ ಬಳಿ ಎಂದೂ ಇರಲಿಲ್ಲ ಎನ್ನುವುದು ಬೇರೆ ಮಾತು. ಕೊಳ್ಳೇಗಾಲದಲ್ಲಿ ಮನೆ, ಹನೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರ ಕೆಲಸ. ನಡುವಿನ ರಸ್ತೆಯಲ್ಲಿ ದಿನಕ್ಕೆರಡು ಸಲ ನನ್ನಷ್ಟು ಸುಖಿ ಇನ್ನೊಬ್ಬನಿಲ್ಲ. ಕ್ಲಾಸಿನಲ್ಲಿ ಮಕ್ಕಳು ನನ್ನ ಮಾತು ಕೇಳುವುದಿಲ್ಲ, ಮನೆಯಲ್ಲಿ ದೊಡ್ಡವರು ಕೇಳುವುದಿಲ್ಲ. ಎಡಕ್ಕೆ ತಿರುಗು ಎಂದರೆ ಎಡಕ್ಕೇ ತಿರುಗುವ ಒಂದು ವಸ್ತು ಈ ಲೋಕದಲ್ಲಿದೆ ಎಂಬುದೇ ನನಗೆ ದೊಡ್ಡ ಸಮಾಧಾನ.

ಹನ್ನೊಂದು ವರ್ಷದ ಹಿಂದೆ ಆ ಚಿಕ್ಕ ಕಾರು ಕೊಂಡಾಗ ನಾವು ಇಬ್ಬರೇ, ನಾನು ಮತ್ತು ಹೆಂಡತಿ ಮಂಗಳ. ಹಿಂದಿನ ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಎರಡು ವರ್ಷ ಯಾರೂ ಬಿಚ್ಚಲಿಲ್ಲ. ಆಮೇಲೆ ಮಗಳು ಸಿಂಚನ ಹುಟ್ಟಿದಳು. ಬಂಡಳ್ಳಿಯಲ್ಲಿದ್ದ ಅವ್ವ ಮೊಮ್ಮಗಳನ್ನು ನೋಡಲು ಬಂದವಳು ನೋಡುತ್ತಲೇ ಉಳಿದಳು. ಎರಡೂವರೆ ವರ್ಷದ ಹಿಂದೆ, ಒಂದು ಕೇಳಿದ್ದಕ್ಕೆ ದೇವರು ಎರಡು ಕೊಟ್ಟ ಎಂಬಂತೆ, ಅವಳಿ ಗಂಡುಮಕ್ಕಳಾದವು. ಆ ಬಾಣಂತನಕ್ಕೆಂದು ಯಳಂದೂರಿನಿಂದ ಅತ್ತೆ ಬಂದರು. ಬಾಣಂತನ ಮುಗಿಯಿತು, ಅತ್ತೆ ಇದ್ದಾರೆ. ಅವರ ಕೈಯ ಉಪ್ಸಾರು ಉಂಡವರು ಯಾರೂ ಅವರನ್ನು ಕಳಿಸುವ ಮಾತಾಡಲಾರರು. ಹೀಗೆ ನಾವು ಏಳು ಜನರಾದೆವು. ಕಾರು ಮಾತ್ರ ಬೆಳೆಯಲಿಲ್ಲ.

ಸಂಸಾರ ಬೆಳೆದಿದ್ದಕ್ಕೆ ಗಾಡಿ ಬದಲಾಯಿಸಬೇಕೆಂಬ ಮಾತು ಹುಟ್ಟಿದ್ದು ಅವಳಿಗಳ ಮುಡಿಯಿಂದ. ಮೂರು ತುಂಬುವುದರೊಳಗೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಡಬೇಕು ಎಂದು ಅವ್ವ ದಿನಕ್ಕೊಮ್ಮೆ ನೆನಪಿಸುತ್ತಿದ್ದಳು. ಅವಳಿಗಳ ಜಡೆಯೋ, ಸಿಂಚನಳ ಜಡೆಗಿಂತ ಉದ್ದ ಬೆಳೆದಿತ್ತು. ಆದರೆ ನಮ್ಮ ಮನೆಯಲ್ಲಿ ಬೆಟ್ಟಕ್ಕೆ ಹೋಗುವುದೆಂದರೆ ಅಷ್ಟು ಸುಲಭವಲ್ಲ. ಮಂಗಳಳಿಗೆ ಘಾಟಿ ಆಗದು. ಕೌದಳ್ಳಿ ದಾಟುತ್ತಿದ್ದಂತೆ ಮುಖ ಬಿಳಚಿಕೊಳ್ಳುತ್ತದೆ, ಮೊದಲ ತಿರುವಿಗೆ ಮಾತು ನಿಲ್ಲುತ್ತದೆ, ಮೂರನೆಯ ತಿರುವಿಗೆ ಪ್ಲಾಸ್ಟಿಕ್ ಕವರು ಬೇಕಾಗುತ್ತದೆ. ಆಗೆಲ್ಲ ನಾನು ಬಹಳ ಪ್ರೀತಿಯಿಂದ, "ಇನ್ನೊಂದೇ ತಿರುವು ಕಣೇ" ಎನ್ನುತ್ತಿದ್ದೆ. ಆ ರಸ್ತೆಯಲ್ಲಿ ತಿರುವುಗಳೆಷ್ಟು ಎಂಬ ಬಗ್ಗೆ ನಮ್ಮ ಸೀಮೆಯಲ್ಲಿ ಒಮ್ಮತವಿಲ್ಲ, ಆದರೆ ಒಂದಕ್ಕಿಂತ ಹೆಚ್ಚು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ.

ಸಿಂಚನಳ ಮುಡಿ ತೆಗೆಸಿದ ದಿನ ಮಂಗಳ ಲಾಡ್ಜಿನ ಚಾಪೆಯ ಮೇಲೆ, ಹಣೆಗೆ ಒದ್ದೆ ಟವೆಲ್ ಹಾಕಿಕೊಂಡು ಮಲಗಿದ್ದಳು. ಮಗುವನ್ನು ಯಾರೋ ದೂರದ ನೆಂಟರ ತೊಡೆಯ ಮೇಲೆ ಕೂರಿಸಿದ್ದರು. ಅವಳು ಎದ್ದು ಬರುವ ಹೊತ್ತಿಗೆ ಬೋಳು ತಲೆಗೆ ಗಂಧ ಬಳಿದಾಗಿತ್ತು. ಅದರ ಬಗ್ಗೆ ಅವಳು ಏನೂ ಅನ್ನಲಿಲ್ಲ, ಏಳು ವರ್ಷ. ಈಗ ಅವಳಿಗಳ ಮಾತು ಬಂದಾಗ ಒಂದೇ ಸಲ ಅಂದಳು: "ಈ ಸಲ ನನ್ ತೊಡೆ ಮ್ಯಾಲೇ ಕೂರುಸ್ಕಬೇಕು ಕಣ್ರಿ. ಮೊದಲ್ನೇ ಕೂದ್ಲು ಬೀಳೋದ ನಾನು ನೋಡ್ಬೇಕು." ಅವಳು ನನ್ನನ್ನು ಸೀರೆ ಕೇಳಿದವಳಲ್ಲ, ಒಡವೆ ಕೇಳಿದವಳಲ್ಲ. ಕೇಳಿದ್ದು ಇದೊಂದನ್ನು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ನಾಚಿಕೆಯಾದ ಗಂಡಸು ಏನು ಮಾಡುತ್ತಾನೆ? ಮೊಬೈಲು ತೆಗೆದು ಸಂಶೋಧನೆಗೆ ಕೂರುತ್ತಾನೆ. ಹೆಂಡತಿಯ ಹೊಟ್ಟೆ ತೊಳಸುವುದಕ್ಕೆ ಕಾರಣ ಹಳೇ ಕಾರಿನ ಸಸ್ಪೆನ್ಷನ್ನು ಎಂದು ನಾನು ತೀರ್ಮಾನಿಸಿದೆ. ಎಂಟು ತಿಂಗಳು ಕಾರುಗಳ ವಿಡಿಯೊ ನೋಡಿದೆ. ಟಾರ್ಕು, ವೀಲ್‌ಬೇಸು, ಬಾಡಿ ರೋಲು ಎಂಬ ಪದಗಳು ಮುದ್ದೆ ಮುರಿಯುವಾಗಲೂ ಬಾಯಲ್ಲಿ ಬರತೊಡಗಿದವು. ಏಳು ಜನ ಹಿಡಿಸಬೇಕು, ಆದರೆ ಓಡಿಸುವವನಿಗೆ ಮಜ ಬರಬೇಕು ಎಂಬುದು ನನ್ನ ಸೂತ್ರ. ಈ ಎರಡೂ ಒಂದೇ ಗಾಡಿಯಲ್ಲಿ ಕೂಡಿ ಬರುವುದಿಲ್ಲ ಎಂದು ವಿಡಿಯೊದವರೆಲ್ಲ ಹೇಳುತ್ತಿದ್ದರು. ಏಳು ಸೀಟಿನದು ತಿರುವಿನಲ್ಲಿ ವಾಲುತ್ತದಂತೆ, ವಾಲದ್ದಕ್ಕೆ ಐದೇ ಸೀಟಂತೆ. ನನ್ನ ಕಣ್ಣು ಮಾತ್ರ ಒಂದು ತಗ್ಗು ಮೈಯ ಕೆಂಪು ಕಾರಿನ ಮೇಲೇ ಇತ್ತು. ಅವ್ವನನ್ನೂ ಅತ್ತೆಯನ್ನೂ ಬಸ್ಸಿನಲ್ಲಿ ಕಳಿಸಿದರೆ ಹೇಗೆ ಎಂದು ಕೂಡ ಒಂದು ದಿನ ಯೋಚಿಸಿದೆ. ಇದನ್ನು ನಿಮ್ಮ ಹತ್ತಿರ ಬಿಟ್ಟು ಯಾರ ಹತ್ತಿರವೂ ಹೇಳಿಲ್ಲ.

ಈ ವಿಷಯದಲ್ಲಿ ಪರಶಿವನ ಸಂಸಾರವೇ ಜಾಣತನದ್ದು. ಅವನಿಗೆ ಎತ್ತು, ಅವಳಿಗೆ ಸಿಂಹ, ದೊಡ್ಡ ಮಗನಿಗೆ ಇಲಿ, ಚಿಕ್ಕವನಿಗೆ ನವಿಲು. ಎಲ್ಲರೂ ಕೂಡಿ ಒಂದೇ ಗಾಡಿಯಲ್ಲಿ ಹೋಗುವ ಪ್ರಸಂಗವನ್ನೇ ಅವರು ತಂದುಕೊಂಡಿಲ್ಲ. ನಮ್ಮ ಮಾದಪ್ಪ ಹುಲಿ ಏರಿ ಬೆಟ್ಟ ಸುತ್ತಿದವನು. ಅದಕ್ಕೂ ಹಿಂದಿನ ಸೀಟಿಲ್ಲ. ದೇಹವೇ ರಥ, ಬುದ್ಧಿಯೇ ಸಾರಥಿ ಎಂದು ತತ್ವ ಹೇಳಿದ ಹಿರಿಯರೂ ರಥದ ಹಿಂಭಾಗದಲ್ಲಿ ಕೂತವರ ಹೊಟ್ಟೆಯ ಸ್ಥಿತಿ ಏನಾಯಿತು ಎಂದು ವಿಚಾರಿಸಿದಂತೆ ಕಾಣುವುದಿಲ್ಲ. ಆಗ ನನಗೂ ಅದು ಹೊಳೆಯಲಿಲ್ಲ.

ಕೊನೆಗೆ ಹೋದದ್ದು ಶಿವಮಲ್ಲುವಿನ ಬಳಿಗೆ. ಕೊಳ್ಳೇಗಾಲದಲ್ಲಿ ಹಳೇ ಗಾಡಿಗಳನ್ನು ಕೊಳ್ಳುವ, ಮಾರುವ ಶಿವಮಲ್ಲು ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಬೆಟ್ಟಕ್ಕೆ ಬಾಡಿಗೆ ಜೀಪು ಓಡಿಸಿದವನು. ನಾನು ಟಾರ್ಕಿನ ಬಗ್ಗೆ ಹೇಳಿದ್ದನ್ನೆಲ್ಲ ಎಲೆ ಅಡಿಕೆ ಜಗಿಯುತ್ತ ಕೇಳಿ, ಒಂದು ಏಳು ಸೀಟಿನ ಬಿಳಿ ಗಾಡಿ ತೋರಿಸಿದ. ಅದರಲ್ಲಿ ಮಜದ ಲಕ್ಷಣವೇನೂ ನನಗೆ ಕಾಣಲಿಲ್ಲ. "ಪೇಪರ್ ಮ್ಯಾಲೆ ನೋಡಿದ್ರೆ ಏನ್ ಗೊತ್ತಾದದು ಸಾ? ಬೆಟ್ಟ ಅತ್ಸಿ ನೋಡಿ. ಬೆಟ್ಟ ಅತ್ತುದ್ರೆ ಗಾಡಿ, ಇಲ್ದಿದ್ರೆ ತಗಡು" ಎಂದ. ನಮ್ಮ ಸೀಮೆಯಲ್ಲಿ ಗಾಡಿಯ ಪರೀಕ್ಷೆ ಹೀಗೆಯೇ. ಸರಿ, ಪರೀಕ್ಷೆಯೂ ಆಗಲಿ, ಮುಡಿಯೂ ಆಗಲಿ ಎಂದು ಒಂದೇ ದಿನಕ್ಕೆ ಎರಡನ್ನೂ ಗೊತ್ತು ಮಾಡಿದೆ. ಗಾಡಿಯ ಜೊತೆಗೆ ತಾನೂ ಬರುತ್ತೇನೆಂದ ಶಿವಮಲ್ಲು. ದುಡ್ಡು ಕೈಗೆ ಬರುವ ಮುಂಚೆ ಗಾಡಿಯನ್ನು ಒಬ್ಬ ಮೇಷ್ಟರ ಕೈಗೆ ಒಪ್ಪಿಸುವಷ್ಟು ಧೈರ್ಯ ಅವನಿಗಿರಲಿಲ್ಲ.

ಬೆಳಿಗ್ಗೆ ಬೇಗ ಹೊರಟೆವು. ಸ್ಟೇರಿಂಗು ನನ್ನ ಕೈಯಲ್ಲಿ, ಪಕ್ಕದಲ್ಲಿ ಶಿವಮಲ್ಲು, ನಡುವೆ ಮಂಗಳ, ಅತ್ತೆ, ಅವರ ತೊಡೆಗಳ ಮೇಲೆ ಅವಳಿಗಳು, ಹಿಂದೆ ಅವ್ವ ಮತ್ತು ಸಿಂಚನ. ಅವ್ವನ ಕಾಲ ಬಳಿ ಒಂದು ಬಟ್ಟೆಯ ಚೀಲವಿತ್ತು. ಹನೂರು ದಾಟಿತು, ಕೌದಳ್ಳಿ ದಾಟಿತು. ಗಾಡಿ ಎಷ್ಟು ಚೆನ್ನಾಗಿ ತಿರುಗುತ್ತದೆ ನೋಡಬೇಕಲ್ಲ, ನಾನು ಸ್ವಲ್ಪ ಬೀಸಾಗಿಯೇ ತಿರುಗಿಸಿ, ಬೀಸಾಗಿಯೇ ಬ್ರೇಕು ಹಾಕಿ ಪರೀಕ್ಷಿಸುತ್ತಿದ್ದೆ. ಅಂದುಕೊಂಡಷ್ಟು ವಾಲಲಿಲ್ಲ. ಖುಷಿಯಿಂದ ಹಿಂತಿರುಗಿ ನೋಡಿದರೆ ಮಂಗಳ ಆಗಲೇ ಮಗುವನ್ನು ಅತ್ತೆಯ ಕೈಗೆ ದಾಟಿಸಿ ಕವರು ಬಿಡಿಸುತ್ತಿದ್ದಳು.

ತಾಳುಬೆಟ್ಟದಲ್ಲಿ ನಿಲ್ಲಿಸಿದೆ. ಬೆಟ್ಟದ ಬುಡ ಅದು. ನಡೆದು ಹತ್ತುವ ಭಕ್ತರು ಅಲ್ಲಿಂದಲೇ ಕಾಲ್ದಾರಿ ಹಿಡಿಯುತ್ತಾರೆ. ಗಾಡಿಯಲ್ಲಿ ಹೋಗುವವರೂ ಇಳಿದು ಕೈಮುಗಿದು ಹೋಗುವುದು ರೂಢಿ. ಮಂಗಳ ಇಳಿದು ಬಾಯಿ ತೊಳೆದು ಒಂದು ಕಲ್ಲಿನ ಮೇಲೆ ಕೂತಳು. ಕಣ್ಣಲ್ಲಿ ನೀರಿತ್ತು. "ನಾನು ನಡ್ಕಂಡೇ ಬತ್ತೀನಿ, ನೀವು ಓಗಿ" ಎಂದಳು. ನಡೆದು ಹತ್ತುವುದೆಂದರೆ ಅರ್ಧ ದಿನದ ಮಾತು. ಅಷ್ಟರಲ್ಲಿ ಮುಡಿ ಮುಗಿದು ಅವಳಿಗಳು ನಿದ್ದೆ ಮಾಡಿ ಎದ್ದಿರುತ್ತವೆ. ಇನ್ನೊಂದೇ ತಿರುವು ಎಂದು ಹೇಳಲು ಬಾಯಿ ತೆರೆದವನು, ಎದುರಿಗೆ ಪೂರ್ತಿ ಬೆಟ್ಟವೇ ನಿಂತಿದ್ದರಿಂದ, ನೀರಿನ ಬಾಟಲಿ ಮುಂದೆ ಹಿಡಿದೆ.

ಇತ್ತ ಅವ್ವ ಚೀಲ ಬಿಚ್ಚಿದ್ದಳು. ತೆಂಗಿನಕಾಯಿ, ಕರ್ಪೂರ, ವಿಭೂತಿ, ನಾಲ್ಕು ನಿಂಬೆಹಣ್ಣು. ನಾನು ಓಡುವುದರೊಳಗೆ ಗಾಡಿಯ ಮೂತಿಗೆ ಮೂರು ಪಟ್ಟೆ ವಿಭೂತಿ ಎಳೆದು, ಕುಂಕುಮ ಇಟ್ಟು, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟಾಗಿತ್ತು. ಹೊಸ ಗಾಡಿ ಬಂದಾಗ ನಮ್ಮಲ್ಲಿ ಮಾಡುವುದೇ ಹಾಗೆ: ಪೂಜೆ ಮಾಡಿ, ಗಾಡಿಯ ಯಜಮಾನ ಅದನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ ಹೊರಡಬೇಕು. ಪರೀಕ್ಷೆಗೆಂದು ತಂದ ಗಾಡಿಗೂ ಹಾಗೆ ಮಾಡುತ್ತಾರೆಂದು ನಾನು ಎಣಿಸಿರಲಿಲ್ಲ.

"ಅವ್ವ, ಇದಿನ್ನೂ ನಮ್ದಲ್ಲ!" ಎಂದು ಪಿಸುಗುಟ್ಟಿದೆ.

"ಮಾದಪ್ಪನ ಪಾದ್ದಲ್ಲಿ ನಿಂತ್ಕಂಡು ನಮ್ದಲ್ಲ ಅಂದೀಯೇನ್ಲಾ? ಬುಡ್ತು ಅನ್ನು" ಎಂದು ಅವ್ವ ಕಾಯಿ ಒಡೆದಳು.

ಶಿವಮಲ್ಲುವಿನ ಕಡೆ ನೋಡಿದೆ. ಅವನು ಚಪ್ಪಲಿ ಬಿಟ್ಟು ಕರ್ಪೂರಕ್ಕೆ ಕೈಮುಗಿಯುತ್ತಿದ್ದ. "ಪೂಜೆ ಆದ ಗಾಡಿಯ ಇನ್ ನಾನು ವಾಪಸ್ ತಕ್ಕಂಡೋಗಂಗಿಲ್ಲ ಸಾ" ಎಂದ, ಬಹಳ ಭಕ್ತಿಯಿಂದ. ಎಂಟು ತಿಂಗಳ ನನ್ನ ಸಂಶೋಧನೆ ಒಂದು ಕಾಯಿಗೆ ಮುಗಿಯಿತು. ಕೆಂಪು ಕಾರು ಕಣ್ಣ ಮುಂದೆ ಬಂದು ಹೋಯಿತು. ಆಯಿತು, ಹತ್ತಿಸೋಣ ಎಂದು ಬಾಗಿಲು ತೆರೆದೆ.

ಆಗ ಶಿವಮಲ್ಲು ಮಂಗಳಳ ಕಡೆ ನೋಡಿ, "ಅಮ್ಮಾವ್ರಿಗೆ ಗಾಡಿ ಓಡ್ಸಕೆ ಬಂದದಾ ಸಾ?" ಎಂದು ಕೇಳಿದ.

ಬರುತ್ತಿತ್ತು. ಯಳಂದೂರಿನ ಪ್ರೈಮರಿ ಶಾಲೆಯಲ್ಲಿ ಟೀಚರಾಗಿರುವ ಅವಳು, ಮದುವೆಗೆ ಮುಂಚೆ ಅವಳಪ್ಪನ ರೇಷ್ಮೆಗೂಡಿನ ಟೆಂಪೊವನ್ನೇ ಓಡಿಸುತ್ತಿದ್ದಳು. ನನಗೆ ಊರಲ್ಲೇ ಪರೀಕ್ಷೆ ಡ್ಯೂಟಿ ಬಿದ್ದಾಗ ನಮ್ಮ ಕಾರಿನಲ್ಲೇ ಶಾಲೆಗೆ ಹೋಗಿ ಬರುತ್ತಿದ್ದಳು. ಆದರೆ ಬೆಟ್ಟದ ರಸ್ತೆಯಲ್ಲಿ? ಛೆ, ಸುಮ್ಮನೆ ಕೂತರೇ ಅವಳಿಗೆ ತಲೆ ಸುತ್ತುತ್ತದಲ್ಲ. ಅದನ್ನೇ ಹೇಳಿದೆ.

"ಇಪ್ಪತ್ ವರ್ಷ ಈ ರೋಡ್ನಲ್ಲಿ ಜೀಪ್ ಓಡ್ಸಿವ್ನಿ ಸಾ. ವಾಂತಿ ಮಾಡೋ ಪ್ಯಾಸೆಂಜರ್ನ ದಿನಾ ನೋಡಿವ್ನಿ. ವಾಂತಿ ಮಾಡಿದ ಡ್ರೈವರ್ನ ಒಬ್ಬನ್ನೂ ನೋಡಿಲ್ಲ."

ನಾನು ವಿಜ್ಞಾನದ ಮೇಷ್ಟರು. ತಿರುವಿನಲ್ಲಿ ದೇಹ ಹೊರಕ್ಕೆ ವಾಲುವುದು ಏಕೆ ಎಂದು ವರ್ಷಾವರ್ಷ ಬೋರ್ಡಿನ ಮೇಲೆ ಬರೆದವನು. ತಿರುಗಿಸುವವನಿಗೆ ತಿರುವು ಮೊದಲೇ ಗೊತ್ತಿರುತ್ತದೆ, ಕೂತವರಿಗೆ ಗೊತ್ತಿರುವುದಿಲ್ಲ. ಇಷ್ಟನ್ನು ಒಬ್ಬ ಜೀಪಿನವನಿಂದ, ಬೆಟ್ಟದ ಬುಡದಲ್ಲಿ ನಿಂತು ಕಲಿಯಬೇಕಾಯಿತು. ಮಂಗಳ ನನ್ನ ಮುಖ ನೋಡಿದಳು. ನಾನು ಕೀ ಕೊಡಲು ತಡಮಾಡಿದೆ ಎಂಬುದನ್ನೂ ಇಲ್ಲಿ ಬರೆಯಬೇಕು. ಕೊಟ್ಟದ್ದು ಅವ್ವ. ನನ್ನ ಕೈಯಿಂದ ಕಿತ್ತುಕೊಂಡು, "ಅತ್ಸವ್ವ, ನಿಂಬೆಣ್ಣಿನ ಮ್ಯಾಲೆ ನೀನೇ ಅತ್ಸು. ಐಕಳ ಎತ್ತ ತಾಯಿ ನೀನು" ಎಂದಳು.

ನಾಲ್ಕು ನಿಂಬೆಹಣ್ಣೂ ಒಟ್ಟಿಗೆ ಪಚಕ್ಕೆಂದವು. ಅವ್ವ ಮಂಗಳಳ ಜಾಗಕ್ಕೆ ಬಂದು ಒಂದು ಮಗುವನ್ನು ತೊಡೆಗೆ ಎಳೆದುಕೊಂಡಳು, ನಾನು ಹಿಂದಿನ ಸಾಲಿಗೆ ಹೋಗಿ ಸಿಂಚನಳ ಪಕ್ಕ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತೆ. ಗಾಡಿಗಳ ಬಗ್ಗೆ ನಾನು ನೋಡಿದ ಎಲ್ಲ ವಿಡಿಯೊಗಳೂ ಮುಂದಿನ ಸೀಟಿನಲ್ಲಿ ತೆಗೆದವು ಎಂದು ಆಗ ಹೊಳೆಯಿತು. ಮಂಗಳ ಮೊದಲ ತಿರುವನ್ನು ಹೆದರುತ್ತ, ಎರಡನೆಯದನ್ನು ಎಚ್ಚರದಿಂದ ತೆಗೆದುಕೊಂಡಳು. ನಾಲ್ಕನೆಯದರ ಹೊತ್ತಿಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅತ್ತೆಯ ಜೊತೆ ಮಾತು ಶುರು ಮಾಡಿದಳು. ಹಾರ್ನು ಹಾಕುವುದು, ಗೇರು ಇಳಿಸುವುದು, ಎದುರು ಬಂದ ಬಸ್ಸಿಗೆ ದಾರಿ ಬಿಡುವುದು, ಎಲ್ಲವೂ ಹದವಾಗಿತ್ತು. ಅವಳು ನಗುತ್ತಿದ್ದುದು ಕನ್ನಡಿಯಲ್ಲಿ ಕಾಣುತ್ತಿತ್ತು. ಆ ರಸ್ತೆಯಲ್ಲಿ ಅವಳು ನಕ್ಕದ್ದನ್ನು ಹನ್ನೊಂದು ವರ್ಷದಲ್ಲಿ ನಾನು ನೋಡಿರಲಿಲ್ಲ. ಅದನ್ನು ಇನ್ನೂ ಸ್ವಲ್ಪ ಹೊತ್ತು ನೋಡುತ್ತಿದ್ದೆನೋ ಏನೋ, ಅಷ್ಟರಲ್ಲಿ ನನ್ನ ಹೊಟ್ಟೆಯೊಳಗೆ ಏನೋ ಒಂದು ನಿಧಾನವಾಗಿ ಮಗ್ಗುಲು ಬದಲಿಸಿತು.

"ಅಪ್ಪಂಗೆ ಏನೋ ಆಯ್ತಾದೆ!" ಎಂದು ಸಿಂಚನ ಕೂಗಿದಳು. ಅತ್ತೆ ಮಂಗಳಳಿಗೆಂದು ತಂದಿದ್ದ ಕವರುಗಳ ಕಟ್ಟನ್ನು ಹಿಂದಕ್ಕೆ ದಾಟಿಸಿದರು. ಮುಂದಿನ ವಿವರ ಬೇಡ. ತಲೆಯೆತ್ತಿದಾಗ ಕನ್ನಡಿಯಲ್ಲಿ ಮಂಗಳಳ ಕಣ್ಣುಗಳಿದ್ದವು. ಅವುಗಳಲ್ಲಿ ಅಣಕ ಇರಲಿಲ್ಲ, ನಿಜವಾದ ಮರುಕವೇ ಇತ್ತು. "ಇನ್ನೊಂದೇ ತಿರುವು ಕಣ್ರಿ" ಎಂದಳು.

ಆ ಮಾತು ಕೇಳುವವರಿಗೆ ಹೇಗಿರುತ್ತದೆ ಎಂದು ಅಂದು ತಿಳಿಯಿತು. ಹೇಳುವವನಿಗೆ ಅದು ಪ್ರೀತಿ. ಕೇಳುವವರಿಗೆ ಅದು ಸುಳ್ಳೆಂದು ಗೊತ್ತಿದ್ದೂ ನಂಬಬೇಕಾದ ಮಾತು. ಹನ್ನೊಂದು ವರ್ಷ ಅವಳು ಅದನ್ನು ನಂಬಿದ್ದಳು.

ಬೆಟ್ಟದ ಮೇಲೆ ಅವಳು ಕಾಲು ಚಾಚಿ ಕೂತು, ಮೊದಲು ದೊಡ್ಡವನನ್ನು, ಆಮೇಲೆ ಅವನಿಗಿಂತ ಹನ್ನೆರಡು ನಿಮಿಷಕ್ಕೆ ಚಿಕ್ಕವನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ನಾನು ಹಣೆಗೆ ಒದ್ದೆ ಟವೆಲ್ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದೆ, ಮಲಗಲು ಮನಸ್ಸಾಗಲಿಲ್ಲ. ಮೊದಲ ಕೂದಲಿನ ಎಳೆ ಅವಳ ಮಡಿಲಿಗೆ ಬಿತ್ತು. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡು ನೋಡುತ್ತ, "ಸಿಂಚನಂದೂ ಇಂಗೇ ಇತ್ತೇನ್ರಿ?" ಎಂದು ಕೇಳಿದಳು. ಇತ್ತು ಎಂದೆ. ನಿಜ ಹೇಳಬೇಕೆಂದರೆ ನಾನೂ ನೋಡಿರಲಿಲ್ಲ. ಆ ದಿನ ನಾನು ಲಾಡ್ಜಿನ ಹೊರಗೆ ಯಾರಿಗೋ ನನ್ನ ಕಾರು ಘಾಟಿ ಹತ್ತಿದ ಬಗೆಯನ್ನು ವರ್ಣಿಸುತ್ತಿದ್ದೆ.

ಈಗ ಊರಿನೊಳಗೆ ನಾನೇ ಓಡಿಸುತ್ತೇನೆ, ಹನೂರಿಗೂ ನಾನೇ. ಘಾಟಿ ಬಂತೆಂದರೆ ಗಾಡಿ ನಿಲ್ಲಿಸಿ ಜಾಗ ಬದಲಾಯಿಸುತ್ತೇವೆ. ನನ್ನ ಷರ್ಟಿನ ಜೇಬಿನಲ್ಲಿ ಮೂಸುವುದಕ್ಕೆ ಒಂದು ನಿಂಬೆಹಣ್ಣು ಇರುತ್ತದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಹೊಸ ಗಾಡಿ ಬೆಟ್ಟದ ರಸ್ತೆಯಲ್ಲಿ ಹೇಗೆ ಸಾರ್, ಓಡಿಸೋಕೆ ಮಜ ಇದೆಯಾ ಎಂದು ಕೇಳಿದರೆ, ಎಂಟು ತಿಂಗಳ ವಿದ್ಯೆಯನ್ನೆಲ್ಲ ನುಂಗಿಕೊಂಡು ಹೇಳುತ್ತೇನೆ: "ತುಂಬಾ ಮಜ ಇದೆಯಂತೆ."