ಅಂಗಳ ಅಗೆಸಿದ ಚಾರ್ಜರ್

“ಅಂಕಲ್, ನಿಮ್ಮ ಮನೆಗೆ ಅರ್ಥಿಂಗೇ ಇಲ್ಲ ಮಾರಾಯ್ರೆ! ಪ್ಲಗ್ಗಿಗೆ ಮೂರು ತೂತು ಉಂಟು, ಮೂರನೆಯದಕ್ಕೆ ವಯರೇ ಇಲ್ಲ” ಎಂದ ಎಲೆಕ್ಟ್ರಿಷಿಯನ್ ಹಮೀದ್. ಕಾಪುವಿನ ನಮ್ಮ ಹಳೆಯ ಮನೆಯ ಗೋಡೆಗೆ ಅವನು ಕೂರಿಸಿದ್ದ ಎಲೆಕ್ಟ್ರಿಕ್ ಕಾರಿನ ಚಾರ್ಜರ್, ಕೆಂಪು ದೀಪ ಉರಿಸಿಕೊಂಡು ಕೆಲಸ ಮಾಡಲು ಒಪ್ಪುತ್ತಿರಲಿಲ್ಲ.

ವಿಷಯ ನನಗೆ ಗೊತ್ತಿತ್ತು. ಹಿಂದೆ ಮನೆಗೆ ವಯರಿಂಗ್ ಮಾಡಿದವನು, ಸೋರಿದ ಕರೆಂಟನ್ನು ಮಣ್ಣಿಗಿಳಿಸಲು ಗುಂಡಿ ತೋಡಬೇಕು ಎಂದಾಗ, ಆಗಿನ್ನೂ ಹೊಸದಾಗಿದ್ದ ಅಂಗಳ ಹಾಳಾಗುತ್ತದೆಂದು ಬೇಡ ಎಂದವನು ನಾನೇ. ಆಮೇಲೆ ಗ್ರೈಂಡರ್ ಶಾಕ್ ಹೊಡೆಯುತ್ತದೆ ಎಂದು ಹೆಂಡತಿ ಲಿಲ್ಲಿ ಹೇಳಿದಾಗಲೆಲ್ಲ, “ಒದ್ದೆ ಕೈಯಲ್ಲಿ ಮುಟ್ಟಿದರೆ ಮತ್ತೆಂತ ಆಗ್ತದೆ?” ಎಂದು ಗದರಿಸುತ್ತಿದ್ದೆ. ಅವಳು ಇಪ್ಪತ್ತು ವರ್ಷ ಮರದ ಮಣೆಯ ಮೇಲೆ ನಿಂತು ದೋಸೆಗೆ ಅರೆದಳು.

ಚಾರ್ಜರನ್ನು ಗದರಿಸಿ ಪ್ರಯೋಜನವಿರಲಿಲ್ಲ. ಅದೇ ದಿನ ಅಂಗಳ ಅಗೆಸಿ, ಗುಂಡಿಗೆ ಇದ್ದಿಲು, ಉಪ್ಪು ತುಂಬಿಸಿದೆ. ಸಂಜೆ ಹಸಿರು ದೀಪ ಬಂದಾಗ ಲಿಲ್ಲಿಯನ್ನು ಕರೆದು ಹೆಮ್ಮೆಯಿಂದ ತೋರಿಸಿದೆ.

“ನಾನೂ ಒಂದು ಕೆಂಪು ಲೈಟು ಹಾಕಿ ಕೂತುಕೊಳ್ಳಬೇಕಿತ್ತು, ಅಲ್ವಾ?” ಎಂದಳು.

ನಾಚಿಕೆಯಿಂದ ತಲೆ ತಗ್ಗಿಸಿದೆ. “ತಪ್ಪಾಯ್ತು ಲಿಲ್ಲಿ. ಇನ್ನು ನಿನಗೆ ಶಾಕ್ ಹೊಡೆಯುವುದಿಲ್ಲ” ಎಂದೆ.

ಸಾಮಾನು ಕಟ್ಟುತ್ತಿದ್ದ ಹಮೀದ್ ತಲೆಯೆತ್ತಿದ. “ಹೊಡೀತದೆ ಅಂಕಲ್. ವಯರು ಚಾರ್ಜರಿಗೆ ಮಾತ್ರ ಎಳೆದದ್ದು. ಅಡುಗೆಮನೆಗೆ ನೀವು ಹೇಳಲೇ ಇಲ್ಲವಲ್ಲ?”

ಮರುದಿನವೇ ಅಲ್ಲಿಗೂ ಎಳೆಸಿದೆ. ಆದರೆ ಗುಂಡಿ ತೋಡಿಸಿದ ಆ ಇಡೀ ದಿನ ಗ್ರೈಂಡರ್ ನನಗೆ ಒಮ್ಮೆಯೂ ನೆನಪಾಗಿರಲಿಲ್ಲ ಎಂಬುದನ್ನು ಲಿಲ್ಲಿಯ ಎದುರು ಇನ್ನೂ ಒಪ್ಪಿಕೊಂಡಿಲ್ಲ. ನಾನು ಇದನ್ನು ಬರೆಯುತ್ತಿರುವ ಈ ಪತ್ರಿಕೆಯನ್ನು ಅವಳು ದಿನಾ ಓದುತ್ತಾಳೆ.